ಕಾರು ‘ಕೀಂಯ್’ ಅಂತಿದೆಯಾ?

ಜನವರಿಯ ಚುಮುಚುಮು ಚಳಿ. ರಾತ್ರಿಯೆಲ್ಲಾ ಮನೆ ಮುಂದೆ ಇಬ್ಬನಿಯಲ್ಲಿ ನೆನೆದು ನಿಂತ ಕಾರು. ಮಕ್ಕಳ ಟಿಫನ್ ಬಾಕ್ಸು, ನೀರಿನ ಬಾಟಲಿ ಎಲ್ಲಾ ಒಳಗಿಟ್ಟು ಕೀಲಿ ತಿರುಗಿಸ್ತೀರಿ. ‘ಕೀಂಯ್...’ ಅಂತ ಬೀದಿಗೆಲ್ಲಾ ಕೇಳೋ ಹಾಗೆ ಬಾನೆಟ್ ಒಳಗಿಂದ ಕಿರುಚಾಟ. ಎದುರು ಮನೆಯವರು ರಂಗೋಲಿ ಬಿಡುವುದನ್ನು ನಿಲ್ಲಿಸಿ ತಿರುಗಿ ನೋಡುತ್ತಾರೆ. ಅರ್ಧ ನಿಮಿಷದಲ್ಲಿ ಸದ್ದು ತಾನಾಗಿಯೇ ಅಡಗುತ್ತದೆ. ‘ಸಂಜೆ ಇವರಿಗೆ ಹೇಳಿದರಾಯ್ತು’ ಅಂದುಕೊಂಡು ಹೊರಡ್ತೀರಿ. ಸಂಜೆ ಮರೆತೇ ಹೋಗುತ್ತೆ.

ನೆಲಮಂಗಲದಲ್ಲಿ ಇರುವವರಿಗೆ ಈ ಮರೆವು ದುಬಾರಿ. ಮನೆ ಬಿಟ್ಟು ನಾಲ್ಕು ತಿರುವು ದಾಟಿದರೆ ಹೆದ್ದಾರಿ. ತುಮಕೂರಿನ ಕಡೆಗೆ 48, ಕುಣಿಗಲ್, ಹಾಸನದ ಕಡೆಗೆ 75 ಕವಲೊಡೆಯುವುದು ಇಲ್ಲೇ. ಹಿಂದೆ ಮುಂದೆ ಲಾರಿ, ಬಸ್ಸು. ಮಕ್ಕಳನ್ನು ಕೂರಿಸಿಕೊಂಡು ಆ ಸಾಲಿನ ಮಧ್ಯೆ ಹೋಗುವಾಗ ಬೆಲ್ಟ್ ಕಿತ್ತುಹೋದರೆ?

ಬೆಲ್ಟ್ ಅಂದ ತಕ್ಷಣ ‘ಅದೆಲ್ಲಾ ನಮಗೆ ಗೊತ್ತಾಗಲ್ಲ’ ಅನ್ನಬೇಡಿ. ನಿಮ್ಮ ಅಡುಗೆಮನೆಯ ಗ್ರೈಂಡರನ್ನೇ ನೆನಪಿಸಿಕೊಳ್ಳಿ. ಅದರ ಬೆಲ್ಟ್ ಸಡಿಲವಾದಾಗ ಮೋಟರ್ ತಿರುಗುತ್ತಲೇ ಇರುತ್ತೆ, ಇಡ್ಲಿ ಹಿಟ್ಟು ಗಟ್ಟಿಯಾದ ಕೂಡಲೇ ಕಲ್ಲು ನಿಂತುಬಿಡುತ್ತೆ, ರಬ್ಬರ್ ಸುಟ್ಟ ವಾಸನೆ ಬರುತ್ತೆ. ಕಾರಿನಲ್ಲೂ ಅಷ್ಟೇ. ನಮ್ಮ ಕಡೆ ಎಲ್ಲರೂ ‘ಫ್ಯಾನ್ ಬೆಲ್ಟ್’ ಅಂತಲೇ ಕರೆಯುವ ಈ ರಬ್ಬರ್ ಪಟ್ಟಿ ಎಂಜಿನ್ನಿನ ಬಲದಿಂದ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು (ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಡೈನಮೋ) ತಿರುಗಿಸುತ್ತೆ. ಬಹಳಷ್ಟು ಕಾರುಗಳಲ್ಲಿ ಏ.ಸಿ. ಕಂಪ್ರೆಸರ್ ಮತ್ತು ಎಂಜಿನ್ ತಣ್ಣಗಿಡುವ ವಾಟರ್ ಪಂಪ್ ಕೂಡ ಇಂಥ ಬೆಲ್ಟ್ ಮೇಲೇ ನಡೆಯುತ್ತವೆ. ಬೆಲ್ಟ್ ಹಿಡಿತ ತಪ್ಪಿ ಜಾರಿದಾಗ ಬರುವ ಸದ್ದೇ ಈ ‘ಕೀಂಯ್’. ಪೂರ್ತಿ ಎಲೆಕ್ಟ್ರಿಕ್ ಕಾರಿನವರಿಗೆ ಈ ತಾಪತ್ರಯ ಇಲ್ಲ, ಅವರು ಪುಟ ತಿರುಗಿಸಬಹುದು!

ಸದ್ದು ಯಾವಾಗ ಬರುತ್ತೆ?

ರೋಗ ಪತ್ತೆಯ ಮುಕ್ಕಾಲು ಭಾಗ ಈ ಪ್ರಶ್ನೆಯಲ್ಲೇ ಇದೆ. ಮೊದಲು ಕಾರು ನಿಂತಲ್ಲೇ ಇರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ ಎಂಜಿನ್ ಚಾಲೂ ಮಾಡಿ. ನಿಂತಲ್ಲೇ ಸದ್ದು ಬಂದು, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ ಅನುಮಾನ ಬೆಲ್ಟ್ ಕಡೆಗೆ. ಕಾರು ಚಲಿಸುವಾಗ ಮಾತ್ರ, ಅದರಲ್ಲೂ ಬ್ರೇಕ್ ಒತ್ತಿದಾಗ ಕಿರುಚಿದರೆ ಅದು ಬೆಲ್ಟ್ ಅಲ್ಲ, ಬ್ರೇಕ್ ಪ್ಯಾಡ್ ಸವೆದಿರಬಹುದು. ಅದಕ್ಕಂತೂ ಒಂದು ದಿನವೂ ಕಾಯಬೇಡಿ.

ಬೆಳಗಿನ ಹೊತ್ತೇ ಯಾಕೆ ಹೆಚ್ಚು ಕಿರುಚುತ್ತೆ ಗೊತ್ತಾ? ಚಳಿಗೆ ರಬ್ಬರ್ ಬಿರುಸಾಗಿರುತ್ತೆ, ಇಬ್ಬನಿಯ ತೇವ ಇರುತ್ತೆ. ಜತೆಗೆ ಸ್ಟಾರ್ಟ್ ಮಾಡಲು ಬ್ಯಾಟರಿ ಖರ್ಚು ಮಾಡಿದ ಶಕ್ತಿಯನ್ನು ಆಲ್ಟರ್ನೇಟರ್ ಆಗಲೇ ತುಂಬಿಕೊಡಬೇಕು, ಅದರ ಭಾರವೆಲ್ಲ ಬೆಲ್ಟ್ ಮೇಲೆ. ಮಳೆಗಾಲದಲ್ಲಿ ಒಂದೆರಡು ಸಲ ಕೂಗಿ ಸುಮ್ಮನಾದರೆ ಗಾಬರಿ ಬೇಡ. ದಿನಾ ಕೂಗಿದರೆ, ಏ.ಸಿ. ಹಾಕಿದಾಗ, ಹೆಡ್‌ಲೈಟ್ ಉರಿಸಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೂ ಕೂಗಿದರೆ ಬೆಲ್ಟ್ ಭಾರ ತಡೀತಿಲ್ಲ ಅಂತಲೇ ಲೆಕ್ಕ.

ಇನ್ನು ಕಣ್ಣಿನ ಪರೀಕ್ಷೆ. ಎಂಜಿನ್ ಆಫ್, ಕೀಲಿ ನಿಮ್ಮ ಕೈಯಲ್ಲಿ, ಬಾನೆಟ್ ಒಳಗೆಲ್ಲ ತಣ್ಣಗಾಗಿರಲಿ. ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬೆಲ್ಟ್ ಬಿರುಕು ಬಿಟ್ಟಿದೆಯಾ, ಅಂಚಿನಲ್ಲಿ ದಾರ ಎದ್ದಿದೆಯಾ, ಸವೆದ ಚಪ್ಪಲಿ ಅಟ್ಟೆಯ ಹಾಗೆ ನುಣ್ಣಗೆ ಹೊಳೆಯುತ್ತಿದೆಯಾ, ಎಣ್ಣೆ ಜಿಡ್ಡು ಹತ್ತಿದೆಯಾ? ಈಚಿನ ಬೆಲ್ಟ್‌ಗಳ ರಬ್ಬರ್ ಬೇರೆ ಥರದ್ದು. ಅದು ಬಿರುಕು ಬಿಡದೆಯೇ ಟೈರಿನಂತೆ ಸವೆದುಹೋಗುತ್ತೆ. ಹಾಗಾಗಿ ‘ಬಿರುಕಿಲ್ಲ, ಬೆಲ್ಟ್ ಚೆನ್ನಾಗಿದೆ’ ಅನ್ನುವ ಹಾಗಿಲ್ಲ.

ನೀರಿನ ಪರೀಕ್ಷೆ ಅಂತ ಇನ್ನೊಂದಿದೆ. ಎಂಜಿನ್ ಓಡುತ್ತಿರುವಾಗ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೀರುಗಳಿರುವ ಬದಿಗೆ ಸ್ವಲ್ಪ ನೀರು ಚಿಮುಕಿಸುವುದು. ಸದ್ದು ತಕ್ಷಣ ಜೋರಾದರೆ ಬೆಲ್ಟ್ ಸಡಿಲ. ಸದ್ದು ನಿಂತು, ಸ್ವಲ್ಪ ಹೊತ್ತಿಗೆ ಗುಬ್ಬಿಯ ಹಾಗೆ ‘ಕೀಚ್ ಕೀಚ್’ ಅಂತ ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ನೀರಿಗೆ ಏನೂ ಬದಲಾಗದೆ ‘ಗರ್ರ್’ ಅನ್ನುತ್ತಿದ್ದರೆ ಯಾವುದೋ ಬೇರಿಂಗ್ ಕೆಟ್ಟಿರಬಹುದು. ಆದರೆ ಸ್ವಲ್ಪ ನಿಲ್ಲಿ! ಸೆರಗು, ದುಪಟ್ಟಾ, ಜಡೆ, ಮಾಂಗಲ್ಯದ ಸರ ಯಾವುದು ಓಡುವ ಬೆಲ್ಟಿಗೆ ಸಿಕ್ಕಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಎಳೆದುಕೊಳ್ಳುತ್ತೆ. ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗುತ್ತೆ. ನನ್ನ ಕೇಳಿದರೆ ಈ ಪರೀಕ್ಷೆಯನ್ನು ಗ್ಯಾರೇಜಿನಲ್ಲೇ ಮಾಡಿಸಿ, ನೀವು ದೂರ ನಿಂತು ಕಿವಿಗೊಡಿ.

ಗ್ಯಾರೇಜಿನಲ್ಲಿ...

ಸೋಪು ಉಜ್ಜುವುದು, ಪೌಡರ್ ಹಾಕುವುದು, ಸ್ಪ್ರೇ ಹೊಡೆಯುವುದು ಇವೆಲ್ಲ ಜ್ವರಕ್ಕೆ ತಣ್ಣೀರು ಪಟ್ಟಿ ಇದ್ದ ಹಾಗೆ. ನಾಲ್ಕು ದಿನ ಸದ್ದು ಇರಲ್ಲ, ಕಾರಣ ಹಾಗೇ ಇರುತ್ತೆ. ಇನ್ನು ಕೆಲವರು ‘ಸ್ವಲ್ಪ ಟೈಟ್ ಮಾಡ್ತೀನಿ ಮೇಡಂ’ ಅಂತ ಬೆಲ್ಟನ್ನು ಸಿಕ್ಕಾಪಟ್ಟೆ ಬಿಗಿದುಬಿಡುತ್ತಾರೆ. ಕಿರುಚಾಟ ನಿಲ್ಲುತ್ತೆ ನಿಜ, ಆದರೆ ಆಲ್ಟರ್ನೇಟರ್, ವಾಟರ್ ಪಂಪ್‌ಗಳ ಬೇರಿಂಗ್ ಬೇಗ ಹಾಳಾಗುತ್ತೆ. ತಾನೇ ಬಿಗಿ ಕಾಯ್ದುಕೊಳ್ಳುವ ಟೆನ್ಷನರ್ ಇರುವ ಕಾರಾದರೆ ಬಿಗಿಯುವ ಪ್ರಶ್ನೆಯೇ ಇಲ್ಲ, ಟೆನ್ಷನರ್ ಸೋತಿದ್ದರೆ ಅದನ್ನೇ ಬದಲಿಸಬೇಕು. ಎಣ್ಣೆಯೋ ಕೂಲೆಂಟೋ ಸೋರಿ ಬೆಲ್ಟ್ ಒದ್ದೆಯಾಗಿದ್ದರೆ ಮೊದಲು ಸೋರಿಕೆ ನಿಲ್ಲಿಸಬೇಕು, ಇಲ್ಲದಿದ್ದರೆ ಹೊಸ ಬೆಲ್ಟಿನ ಗತಿಯೂ ಅಷ್ಟೆ.

‘ಡೈನಮೋ ಹೋಗಿದೆ’ ಅಂದರೆ ಒಪ್ಪಿಕೊಳ್ಳುವ ಮುಂಚೆ ಕೇಳಿ: ಬೆಲ್ಟ್ ಬಿಚ್ಚಿ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಿರಾ? ಬೇರಿಂಗ್ ಚೆನ್ನಾಗಿದ್ದರೆ ಪುಲ್ಲಿ ಅಲುಗಾಡದೆ, ಗರಗರ ಅನ್ನದೆ ನುಣುಪಾಗಿ ತಿರುಗುತ್ತೆ. ಎರಡೇ ನಿಮಿಷದ ಕೆಲಸ, ನಿಮ್ಮೆದುರೇ ಮಾಡಿ ತೋರಿಸಲಿ. ಹಳೇ ಬೆಲ್ಟನ್ನೂ ಕೇಳಿ ನೋಡಿ. ಸಣ್ಣ ಕಾರಿನ ಬೆಲ್ಟಿಗೆ ನೂರರ ಲೆಕ್ಕದಲ್ಲಿ ಹೋಗುವ ದುಡ್ಡು ಆಲ್ಟರ್ನೇಟರ್‌ಗೆ ಸಾವಿರಗಳ ಲೆಕ್ಕಕ್ಕೆ ಹೋಗುತ್ತೆ. ಮನೆ ಖರ್ಚಿನ ಪುಸ್ತಕ ಬರೆಯುವವರು ನಾವೇ ಅಲ್ವಾ!

ಇಷ್ಟಾದ ಮೇಲೂ ದಾಬಸ್‌ಪೇಟೆ ದಾರಿಯಲ್ಲೋ ಕುಣಿಗಲ್ ದಾರಿಯಲ್ಲೋ ಹೋಗುವಾಗ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿ, ಉಷ್ಣಾಂಶದ ಮುಳ್ಳು ಏರತೊಡಗಿದರೆ ‘ಇನ್ನೆರಡು ಕಿಲೋಮೀಟರ್ ತಾನೇ’ ಅನ್ನಬೇಡಿ. ವಾಟರ್ ಪಂಪ್ ನಿಂತರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕುದಿಯುತ್ತೆ. ಹಜಾರ್ಡ್ ಲೈಟ್ ಹಾಕಿ, ನಿಧಾನವಾಗಿ ಎಡಕ್ಕೆ ತಂದು ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಮಕ್ಕಳನ್ನು ಎಡಬಾಗಿಲಿನಿಂದ ಇಳಿಸಿಕೊಂಡು ರಸ್ತೆಯಂಚಿನ ತಡೆಬೇಲಿಯ ಆಚೆ ನಿಲ್ಲಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಈ ನಂಬರನ್ನು ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಂಡುಬಿಡಿ.