ಹಾಳು ಮಾಡುವುದಲ್ಲ, ಹಳೆಯದು ಮಾಡುವುದು

ಕಳೆದ ರಜೆಯಲ್ಲಿ ಹೇರೋಹಳ್ಳಿಯ ನಮ್ಮ ಮನೆ ಮಹಡಿಯ ಮೇಲೆ ಚಿಕ್ಕಪ್ಪನ ಮಗ ಕೂತು ತನ್ನ ಬೇಸ್ ಗಿಟಾರನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದ. ವರ್ಷವಿಡೀ ದುಡ್ಡು ಕೂಡಿಟ್ಟು ಕೊಂಡ ವಾದ್ಯ ಅದು. "ಯಾಕಣ್ಣ, ಹಾಳು ಮಾಡ್ತಿದ್ದೀಯ?" ಎಂದೆ. "ಹಾಳಲ್ಲ ಕಣೋ, ಹಳೇದು ಮಾಡ್ತಿದ್ದೀನಿ" ಎಂದ.

ಹೀಗೆ ಮಾಡುವವನು ನಮ್ಮಣ್ಣ ಒಬ್ಬನೇ ಅಲ್ಲ. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದಿತು. ಆ ಕಾಲದ ವಾದ್ಯಗಳಿಗೆ ಈಗ ಭಾರೀ ಬೆಲೆ. ಕೊಳ್ಳಲಾಗದವರಿಗಾಗಿ ಅದೇ ಕಂಪನಿ 1995ರಿಂದ ಬೇಕೆಂದೇ ಸವೆಸಿದ ಹೊಸ ಗಿಟಾರುಗಳನ್ನು 'ರೆಲಿಕ್' ಎಂಬ ಹೆಸರಿನಲ್ಲಿ ಮಾರತೊಡಗಿತು.

ಹಳೆಯ ವಾದ್ಯದ ಅಂದಕ್ಕೆ ಕಾರಣ ಅದರ ಬಣ್ಣದ ರಸಾಯನ. ಅಂದು ಬಳಸುತ್ತಿದ್ದದ್ದು ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆ. ನಮ್ಮ ಪಾಠದಲ್ಲಿ ಬರುವ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದೊಂದಿಗೆ ವರ್ತಿಸುವಂತೆ ಮಾಡಿದರೆ ಸಿಗುವ ವಸ್ತು ಇದು. ಆಗ ಕಾರುಗಳಿಗೂ ಇದನ್ನೇ ಬಳಿಯುತ್ತಿದ್ದರು. ಈ ಪದರ ತೆಳು. ಬೆಳಕಿಗೆ ಹಳದಿಯಾಗುತ್ತದೆ, ವರ್ಷ ಕಳೆದಂತೆ ಪೆಡಸಾಗುತ್ತದೆ. ಥಟ್ಟನೆ ಚಳಿ ತಗುಲಿದಾಗ ಮರ ಮತ್ತು ಮೆರುಗು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಆಗ ಮೇಲೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಇಂದಿನ ಹೆಚ್ಚಿನ ಗಿಟಾರುಗಳಿಗೆ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್ ಬಳಿಯುತ್ತಾರೆ. ಅದು ದಪ್ಪ, ಗಟ್ಟಿ, ಹಾಗೆ ಬಿರಿಯುವುದಿಲ್ಲ. ಅಣ್ಣ ಎರಡು ಗಂಟೆ ಉಜ್ಜಿದರೂ ಬರೀ ಬಿಳಿ ಗೀರು ಬಿದ್ದದ್ದು ಇದಕ್ಕೇ.

ಹಾಗಾಗಿ ಮೊದಲ ಕೆಲಸ ಬಣ್ಣ ಯಾವುದೆಂದು ತಿಳಿಯುವುದು. ಕಣ್ಣಿಗೆ ಕಾಣದ ಕಡೆ ಹತ್ತಿಗೆ ಒಂದು ತೊಟ್ಟು ತಿನ್ನರ್ ಹಾಕಿ ಒತ್ತಿ ನೋಡಬೇಕು. ಮೆತ್ತಗಾಗಿ ಅಂಟಿದರೆ ನೈಟ್ರೋ, ಏನೂ ಆಗದಿದ್ದರೆ ಪಾಲಿ.

ಎರಡನೆಯದು, ಎಲ್ಲಿ ಸವೆಸಬೇಕು ಎಂಬುದು. ನುಡಿಸುವವನ ಮೈ ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ: ಬಲ ಮುಂಗೈ ಊರುವ ಮೇಲಂಚು, ಹೆಬ್ಬೆರಳು ನಿಲ್ಲುವ ಪಿಕಪ್‌ನ ಪಕ್ಕ, ಬೆಲ್ಟಿನ ಬಕಲ್ ಉಜ್ಜುವ ಬೆನ್ನು, ಎಡ ಅಂಗೈ ಓಡಾಡುವ ಕತ್ತಿನ ಹಿಂಬದಿ. ಎಲ್ಲ ಕಡೆ ಒಂದೇ ಸಮ ಗೀಚಿದರೆ ಸುಳ್ಳು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಮೊದಲು 400 ನಂಬರಿನ ಉಪ್ಪುಕಾಗದ, ಆಮೇಲೆ 800, ಕೊನೆಗೆ ನಯವಾದ ಸ್ಟೀಲ್ ವುಲ್. ಪಿಕಪ್‌ನಲ್ಲಿ ಅಯಸ್ಕಾಂತ ಇರುವುದರಿಂದ ಕಬ್ಬಿಣದ ಪುಡಿ ಅಂಟಿಕೊಳ್ಳುತ್ತದೆ. ಮೊದಲೇ ಟೇಪ್ ಸುತ್ತಿರಬೇಕು. ಹೊರಬಿದ್ದ ಬಿಳಿ ಮರಕ್ಕೆ ಕಡುಚಹಾ ಸವರಿದರೆ ಕಂದು ಬಣ್ಣ ಬರುತ್ತದೆ. ಸ್ಕ್ರೂಗಳನ್ನು ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿಟ್ಟರೆ ಹೊಳಪು ಹೋಗುತ್ತದೆ. ಬೆರಳು ಓಡುವ ಹಲಗೆ ಬೀಟೆಯದಾಗಿದ್ದರೆ ಮುಟ್ಟಲೇಬೇಡಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಈ ಮರದಲ್ಲಿ ಎಣ್ಣೆಯ ಅಂಶ ಇರುವುದರಿಂದ ಸಾಮಾನ್ಯವಾಗಿ ಅದಕ್ಕೆ ಮೆರುಗು ಬಳಿದಿರುವುದೇ ಇಲ್ಲ. ಕೆಲಸ ಗಾಳಿಯಾಡುವ ಕಡೆ ಇರಲಿ, ಮೂಗಿಗೆ ಮಾಸ್ಕ್ ಇರಲಿ. ತಿನ್ನರ್ ಹತ್ತಿರ ಬೆಂಕಿ ಬೇಡ.

ಇಷ್ಟೆಲ್ಲ ಮಾಡಿದರೆ ನಾದ ಬದಲಾಗುತ್ತದೆಯೇ? ಎಲೆಕ್ಟ್ರಿಕ್ ಬೇಸ್‌ನಲ್ಲಿ ಪಿಕಪ್ ಹಿಡಿಯುವುದು ತಂತಿಯ ಕಂಪನವನ್ನು. ಮೈಮೇಲಿನ ಗೀರು ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಮೆರುಗು ಹೋದ ಕತ್ತಿನ ಮೇಲೆ ಬೆವರಿದ ಕೈ ಅಂಟದೆ ಸಲೀಸಾಗಿ ಜಾರುತ್ತದೆ.

ಕೆಲಸ ಮುಗಿದ ಮೇಲೆ ಅಣ್ಣನ ಗೆಳೆಯನೊಬ್ಬ, "ಎಪ್ಪತ್ತರ ದಶಕದ್ದು ಅಂತ ಹೇಳಿ ಮಾರು, ಮೂರು ಪಟ್ಟು ಬರುತ್ತೆ" ಎಂದ. ಅಣ್ಣ ಉತ್ತರ ಕೊಡಲಿಲ್ಲ. ಕತ್ತಿನ ಬುಡದ ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿನ ಮರದ ಮೇಲೆ ಪೆನ್ಸಿಲಿನಿಂದ ಕೊಂಡ ವರ್ಷವನ್ನೂ "ಕೈಯಿಂದ ಹಳೆಯದು ಮಾಡಿದ್ದು" ಎಂದೂ ಬರೆದು ಮತ್ತೆ ಸ್ಕ್ರೂ ಬಿಗಿದ. ನಾಳೆ ಅದು ಯಾರ ಕೈ ಸೇರಿದರೂ, ಬಿಚ್ಚಿ ನೋಡಿದವರಿಗೆ ನಿಜ ಸಿಗುತ್ತದೆ. ಹಳೆಯ ರೂಪ ಕೊಡುವುದು ಒಂದು ಕಲೆ. ಹಳೆಯದೆಂದು ಹೇಳಿ ಮಾರುವುದು ಮೋಸ.