ತುಂಬಿದ ಬಟ್ಟಲು, ಹಸಿದ ಹಕ್ಕಿ

ಪಂಜರದ ಹಕ್ಕಿಗೆ ಕಾಳು ಹಾಕುವುದು ಮನೆಮಂದಿಗೆಲ್ಲ ಪ್ರಿಯವಾದ ಕೆಲಸ. ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಮಕ್ಕಳು ಒಂದು ಹಿಡಿ ಹಾಕುತ್ತಾರೆ. ಮಧ್ಯಾಹ್ನ ಅಜ್ಜಿ ಬಟ್ಟಲನ್ನು ಇಣುಕಿ ನೋಡಿ ಮತ್ತೊಂದು ಹಿಡಿ ಸೇರಿಸುತ್ತಾರೆ. ಸಂಜೆ ಕಚೇರಿಯಿಂದ ಬಂದ ಯಜಮಾನರು ತಮ್ಮ ಕಾಫಿಯ ಜೊತೆಗಿನ ಬಿಸ್ಕತ್ತಿನ ಚೂರೊಂದನ್ನು ಸರಳುಗಳ ನಡುವೆ ತೂರಿಸುತ್ತಾರೆ. ಹಕ್ಕಿ ಯಾವುದನ್ನೂ ಬೇಡವೆನ್ನುವುದಿಲ್ಲ. ಇಷ್ಟೆಲ್ಲ ಉಪಚಾರ ಪಡೆದ ಹಕ್ಕಿ ನಾಲ್ಕೈದು ವರ್ಷಗಳಲ್ಲೇ ಮಂಕಾಗಿ, ಒಂದು ಮುಂಜಾನೆ ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಮುದುರಿ ಕುಳಿತುಬಿಡುವುದುಂಟು. ಚೆನ್ನಾಗಿ ಪಾಲಿಸಿದರೆ ಎಂಟು ಹತ್ತು ವರ್ಷ ಬಾಳಬಲ್ಲ ಜೀವವದು. “ಬಟ್ಟಲ ತುಂಬ ಕಾಳಿತ್ತಲ್ಲ, ಏನು ಕಡಿಮೆಯಾಗಿತ್ತು?” ಎಂದು ಮನೆಯವರು ಮರುಗುತ್ತಾರೆ. ಎಷ್ಟೋ ಸಲ ಆ ಬಟ್ಟಲಿನಲ್ಲೇ ಉತ್ತರ ಅಡಗಿರುತ್ತದೆ.

ಹುಲ್ಲುಗಾವಲಿನಿಂದ ವರಾಂಡಕ್ಕೆ

ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಹಸಿರು, ಹಳದಿ, ನೀಲಿ ಬಣ್ಣದ ಪುಟ್ಟ ಗಿಳಿಗಳು ಬಹುಪಾಲು ಬಡ್ಜಿಗಳೇ. ನಿಜವಾದ ಲವ್ ಬರ್ಡ್‌ಗಳು ಆಫ್ರಿಕಾದವು. ಬಡ್ಜಿಯಾದರೋ ಆಸ್ಟ್ರೇಲಿಯದ ಒಣ ಬಯಲುಗಳ ನಿವಾಸಿ. ‘ಬಡ್ಜರಿಗಾರ್’ ಎಂಬ ಇದರ ಪೂರ್ಣ ನಾಮಧೇಯವೂ ಆ ಖಂಡದ ಮೂಲನಿವಾಸಿಗಳ ನುಡಿಯಿಂದ ಬಂದುದು. ಇಂಗ್ಲೆಂಡಿನ ಪಕ್ಷಿಶಾಸ್ತ್ರಜ್ಞ ಜಾನ್ ಗೂಲ್ಡ್ 1840ರಲ್ಲಿ ಆಸ್ಟ್ರೇಲಿಯದಿಂದ ಮರಳುವಾಗ ಜೀವಂತ ಬಡ್ಜಿಗಳನ್ನು ಜೊತೆಯಲ್ಲಿ ಒಯ್ದನು. ಅಲ್ಲಿಂದ ಈ ಹಕ್ಕಿ ಲೋಕದ ಮನೆಮನೆಗಳನ್ನು ಹೊಕ್ಕಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ಕಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು ಅಪರಾಧ. ಬಡ್ಜಿ ಪರದೇಶದ್ದಾದುದರಿಂದ ಆ ನಿಷೇಧ ಅದಕ್ಕಿಲ್ಲ.

ಇದು ಮಾತನ್ನೂ ಕಲಿಯಬಲ್ಲುದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸ್ಪಾರ್ಕಿ ವಿಲಿಯಮ್ಸ್ ಎಂಬ ಬಡ್ಜಿ ಐನೂರಕ್ಕೂ ಹೆಚ್ಚು ಪದಗಳನ್ನು ನುಡಿಯುತ್ತಿತ್ತು. 1958ರಲ್ಲಿ ಬಿ.ಬಿ.ಸಿ. ನಡೆಸಿದ ಮಾತಿನ ಹಕ್ಕಿಗಳ ಸ್ಪರ್ಧೆಯಲ್ಲಿ ಅದು ಬಹುಮಾನವನ್ನೂ ಗೆದ್ದಿತು. ಅನಂತರ ಅದು ಹಕ್ಕಿಗಳ ಕಾಳು ಮಾರುವ ಕಂಪನಿಯೊಂದರ ಜಾಹೀರಾತಿಗೂ ದನಿ ಕೊಟ್ಟಿತು! ಬಡ್ಜಿಗೂ ಕಾಳಿಗೂ ಇರುವ ನಂಟು ಜನರ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ನೆಲೆಸಿದೆ.

ಈ ನಂಟು ಸುಳ್ಳಲ್ಲ. ಬಯಲಿನ ಬಡ್ಜಿಯ ಮುಖ್ಯ ಆಹಾರ ಹುಲ್ಲಿನ ಬೀಜವೇ ಹೌದು. ಆದರೆ ಅಲ್ಲಿ ಅದು ಹಿಂಡುಗಟ್ಟಿಕೊಂಡು ನೀರನ್ನೂ ಮೇವನ್ನೂ ಅರಸುತ್ತ ಬಹುದೂರ ಹಾರುತ್ತದೆ; ನೆಲದ ಮೇಲೆ ಓಡಾಡಿ ಬಗೆಬಗೆಯ ಹುಲ್ಲುಗಳ ಹಸಿ ಬೀಜ, ಒಣ ಬೀಜಗಳನ್ನು ಹೆಕ್ಕುತ್ತದೆ. ವರಾಂಡದ ಪಂಜರದಲ್ಲಿ ಹಾರಲು ಎರಡು ಮೊಳ ಜಾಗವಿಲ್ಲ. ದೊರೆಯುವುದು ಒಂದೋ ಎರಡೋ ಬಗೆಯ ಒಣಗಿದ ಕಾಳು. ಕಾಳು ಅದೇ ಆದರೂ ಬಾಳು ಬೇರೆಯಾಯಿತು.

ಕಾಳಿನಲ್ಲಿ ಇಲ್ಲದ್ದು ಏನು?

ಅಂಗಡಿಯಲ್ಲಿ ಬಡ್ಜಿಗೆಂದು ಕೊಡುವ ಕಾಳು ಸಾಮಾನ್ಯವಾಗಿ ನವಣೆ. ಅದು ಕೆಟ್ಟ ಧಾನ್ಯವೇನಲ್ಲ. ಆದರೆ ಅದೊಂದನ್ನೇ ತಿಂದು ಬದುಕುವ ಹಕ್ಕಿಗೆ ‘ಎ’ ಜೀವಸತ್ತ್ವ, ಸುಣ್ಣದಂಶ, ಅಯೋಡಿನ್ ಮೂರೂ ಸಾಲದಾಗುತ್ತವೆ. ‘ಎ’ ಜೀವಸತ್ತ್ವ ಕಡಿಮೆಯಾದರೆ ಬಾಯಿ, ಮೂಗು, ಶ್ವಾಸನಾಳಗಳ ಒಳಪೊರೆ ಬಿರುಸಾಗಿ ಸೋಂಕಿಗೆ ಎಡೆಯಾಗುತ್ತದೆ. ಸುಣ್ಣದಂಶ ಸಾಲದಿದ್ದರೆ ಹೆಣ್ಣುಹಕ್ಕಿಯ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆ ಕುತ್ತಾಗಬಹುದು. ಅಯೋಡಿನ್ ಕೊರತೆಯಿಂದ ಕೊರಳಿನ ಥೈರಾಯಿಡ್ ಗ್ರಂಥಿ ಊದಿ ಉಸಿರಿನ ಕೊಳವೆಯನ್ನು ಒತ್ತುತ್ತದೆ. ಹಕ್ಕಿ ಉಸಿರಾಡುವಾಗ ಕೀಚುದನಿ ಕೇಳಿಸುತ್ತದೆ.

ಇನ್ನು ಸೂರ್ಯಕಾಂತಿ, ಹುಚ್ಚೆಳ್ಳುಗಳನ್ನು ಬೆರೆಸಿದ ಕಾಳಿನ ಮಾತು ಬೇರೆ. ನವಣೆಯಲ್ಲಿ ನೂರಕ್ಕೆ ನಾಲ್ಕೈದು ಭಾಗ ಕೊಬ್ಬಿದ್ದರೆ, ಸೂರ್ಯಕಾಂತಿಯ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬೇ. ಹಕ್ಕಿ ರುಚಿಗೆ ಮರುಳಾಗಿ ಎಣ್ಣೆಕಾಳುಗಳನ್ನೇ ಆರಿಸಿ ತಿನ್ನುತ್ತದೆ. ಕಾಲಕ್ರಮದಲ್ಲಿ ಎದೆಯ ಮೇಲೆ ಕೊಬ್ಬಿನ ಗಂಟು ಕಾಣಿಸುತ್ತದೆ. ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ. ಕೊಕ್ಕು ಅತಿಯಾಗಿ ಬೆಳೆಯತೊಡಗುತ್ತದೆ. ಗುಂಡಗಾದ ಹಕ್ಕಿಯನ್ನು ಕಂಡು “ಎಷ್ಟು ಮುದ್ದಾಗಿದೆ!” ಎಂದು ಹಿಗ್ಗುವವರು ಅದು ಕಾಯಿಲೆಯ ಮುದ್ದೆಂಬುದನ್ನು ಅರಿಯರು.

ಇವೆಲ್ಲಕ್ಕಿಂತ ವಿಚಿತ್ರವಾದ ಅಪಾಯ ಇನ್ನೊಂದುಂಟು. ಬಡ್ಜಿ ಕಾಳನ್ನು ಸಿಪ್ಪೆಸಮೇತ ನುಂಗುವುದಿಲ್ಲ. ಕೊಕ್ಕಿನಲ್ಲಿ ಸುಲಿದು, ತಿರುಳನ್ನು ತಿಂದು, ಹೊಟ್ಟನ್ನು ಬಟ್ಟಲಿಗೇ ಉದುರಿಸುತ್ತದೆ. ದೂರದಿಂದ ನೋಡಿದವರಿಗೆ ಬಟ್ಟಲು ತುಂಬಿಯೇ ಇರುತ್ತದೆ. ಮೇಲೊಮ್ಮೆ ಊದಿದರೆ ಎಲ್ಲವೂ ಹಾರಿಹೋಗುತ್ತದೆ. ತುಂಬಿದ ಬಟ್ಟಲಿನ ಮುಂದೆಯೇ ಹಕ್ಕಿ ಹಸಿವಿನಿಂದ ಸಾಯಬಲ್ಲುದು.

ಅವಸರವೇ ವಿಷ

ಇಷ್ಟನ್ನು ತಿಳಿದ ಕೂಡಲೇ ಕೆಲವರು ಕಾಳಿನ ಡಬ್ಬವನ್ನೇ ಎತ್ತಿಟ್ಟು, ಬಟ್ಟಲಿಗೆ ಕ್ಯಾರೆಟ್ಟು, ಸೊಪ್ಪು ಅಥವಾ ಪೆಲೆಟ್ ಎಂಬ ಸಿದ್ಧ ಗುಳಿಗೆ ಆಹಾರ ತುಂಬುತ್ತಾರೆ. “ಹಸಿವಾದರೆ ತಾನೇ ತಿನ್ನುತ್ತದೆ” ಎಂಬುದು ಅವರ ತರ್ಕ. ಹಟಮಾರಿ ಮಗುವಿನ ವಿಷಯದಲ್ಲಿ ಈ ಉಪಾಯ ಫಲಿಸೀತು. ಬಡ್ಜಿಯ ವಿಷಯದಲ್ಲಿ ಇದು ಕೊಲೆಗೆ ಸಮಾನ.

ಮರಿ ತನ್ನ ತಂದೆ ತಾಯಿ ತಿನ್ನುವುದನ್ನು ನೋಡಿಯೇ ಆಹಾರ ಯಾವುದೆಂದು ಕಲಿಯುತ್ತದೆ. ಕಾಳನ್ನು ಮಾತ್ರ ಕಂಡು ಬೆಳೆದ ಹಕ್ಕಿಯ ಪಾಲಿಗೆ ಕ್ಯಾರೆಟ್ಟಿನ ತುರಿ ತಿನಿಸೇ ಅಲ್ಲ. ಪಂಜರದೊಳಗೆ ಬಂದ ಯಾವುದೋ ಅಪರಿಚಿತ ವಸ್ತು. ಅದನ್ನು ಕಂಡು ಹೆದರಿ ದೂರ ಸರಿಯುವುದೂ ಉಂಟು. ಇನ್ನು ಕೆಲವು ಹಕ್ಕಿಗಳು ಗುಳಿಗೆಯನ್ನು ಕೊಕ್ಕಿನಲ್ಲಿ ಪುಡಿಮಾಡಿ ಚೆಲ್ಲುತ್ತವೆ. ನೋಡುವವರಿಗೆ ತಿಂದಂತೆಯೇ ತೋರುತ್ತದೆ. ಹೊಟ್ಟೆಗೆ ಮಾತ್ರ ಏನೂ ಸೇರಿರುವುದಿಲ್ಲ. ಮೂವತ್ತು ನಲವತ್ತು ಗ್ರಾಂ ತೂಕದ ಈ ಜೀವಕ್ಕೆ ಒಂದು ಹಗಲು ಒಂದು ರಾತ್ರಿಯ ಉಪವಾಸವೇ ಅಪಾಯಕರ. ಬೇಟೆಗೆ ಬಲಿಯಾಗುವ ಪ್ರಾಣಿಗಳಿಗೆಲ್ಲ ಸಹಜವಾದಂತೆ ಅದು ತನ್ನ ನಿತ್ರಾಣವನ್ನು ಕೊನೆಯವರೆಗೂ ಮರೆಮಾಚುತ್ತದೆ.

ತಕ್ಕಡಿಯೇ ಸಾಕ್ಷಿ

ಆದುದರಿಂದ ಈ ಕಾರ್ಯಕ್ಕೆ ಮೊದಲು ಬೇಕಾದುದು ಹೊಸ ಆಹಾರವಲ್ಲ, ತಕ್ಕಡಿ. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡಿಗೆಮನೆಯ ವಿದ್ಯುತ್ ತಕ್ಕಡಿ ಸಾಕು. ಅದರ ಮೇಲೆ ಹಕ್ಕಿ ಕೂರುವಂಥ ಚಿಕ್ಕ ಕೋಲನ್ನೋ ಡಬ್ಬಿಯನ್ನೋ ಇಟ್ಟು, ಪ್ರತಿದಿನ ಬೆಳಿಗ್ಗೆ ಮೇವಿಗೆ ಮುಂಚೆ ತೂಗಿ ಪುಸ್ತಕದಲ್ಲಿ ಬರೆದಿಡಬೇಕು. ಆರಂಭದ ತೂಕದಲ್ಲಿ ನೂರಕ್ಕೆ ಹತ್ತು ಭಾಗ ಇಳಿದರೆ ಪ್ರಯೋಗವನ್ನು ನಿಲ್ಲಿಸಿ, ಹಳೆಯ ಕಾಳನ್ನು ಹೊಟ್ಟೆ ತುಂಬ ಕೊಟ್ಟು, ಪಶುವೈದ್ಯರನ್ನು ಕಾಣಬೇಕು. ಮೂವತ್ತೈದು ಗ್ರಾಂ ಹಕ್ಕಿಗೆ ಈ ಹತ್ತನೆಯ ಒಂದು ಭಾಗವೆಂದರೆ ಮೂರೂವರೆ ಗ್ರಾಂ. ಅಲ್ಪವೆಂದು ತೋರಬಹುದು, ಆದರೆ ಅರವತ್ತು ಕಿಲೋ ತೂಕದ ಮನುಷ್ಯ ಕೆಲವೇ ದಿನಗಳಲ್ಲಿ ಆರು ಕಿಲೋ ಕಳೆದುಕೊಂಡಂತೆ!

ಎರಡನೆಯ ಸಾಕ್ಷಿ ಹಿಕ್ಕೆ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ ದಿನವೂ ಬದಲಿಸಿದರೆ ಲೆಕ್ಕ ತಾನಾಗಿ ತಿಳಿಯುತ್ತದೆ. ಹಿಕ್ಕೆಯ ಸಂಖ್ಯೆ ಇಳಿದು, ಅದು ಕಿರಿದಾಗಿ ಕಡುಹಸಿರಿಗೋ ಕಪ್ಪಿಗೋ ತಿರುಗಿದರೆ ಹಕ್ಕಿ ಉಣ್ಣುತ್ತಿಲ್ಲವೆಂದೇ ಅರ್ಥ. ಸೊಪ್ಪು ತಿಂದ ದಿನ ಹಿಕ್ಕೆಯ ಜೊತೆಯಲ್ಲಿ ನೀರು ತುಸು ಹೆಚ್ಚಾಗಿರುವುದು ಮಾತ್ರ ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಹಕ್ಕಿಗೆ ಕಾಯಿಲೆಯಾಗಿರುವಾಗ, ಗರಿ ಉದುರಿಸುವ ಕಾಲದಲ್ಲಿ, ಮರಿ ಸಾಕುತ್ತಿರುವಾಗ ಅಥವಾ ಅದು ಮನೆಗೆ ಬಂದ ಹೊಸತರಲ್ಲಿ ಆಹಾರವನ್ನು ಬದಲಿಸಹೊರಡುವುದು ಯುಕ್ತವಲ್ಲ.

ವಾರಗಳ ತಾಳ್ಮೆ

ಮೊದಲ ವಾರ ಮಾಡಬೇಕಾದುದು ಇಷ್ಟೇ: ಇಡೀ ದಿನ ಬಟ್ಟಲು ತುಂಬಿಡುವ ರೂಢಿಯನ್ನು ಬಿಟ್ಟು, ಅಳತೆಯ ಕಾಳನ್ನು ಬೆಳಿಗ್ಗೆ, ಸಂಜೆ ಎರಡು ಹೊತ್ತು ಕೊಡುವುದು. ಒಂದು ಬಡ್ಜಿಗೆ ದಿನಕ್ಕೆ ಒಂದೂವರೆಯಿಂದ ಎರಡು ಸಣ್ಣ ಚಮಚೆಯಷ್ಟು ಸಾಕು. ಹೊಟ್ಟನ್ನು ಊದಿ ತೆಗೆಯುವುದನ್ನು ಮರೆಯಬಾರದು. ಎಣ್ಣೆಕಾಳಿದ್ದರೆ ಅದನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಬರಬೇಕು.

ಎರಡನೆಯ ಹೆಜ್ಜೆ ಮೊಳಕೆ. ನವಣೆಯನ್ನು ರಾತ್ರಿ ನೆನೆಸಿ, ಹಲವು ಬಾರಿ ತೊಳೆದು, ಬಿಳಿಯ ಮೊಳಕೆ ತುದಿ ಮೂಡಿದೊಡನೆ ಕೊಡಬಹುದು. ಪರಿಚಿತ ಕಾಳೇ ಮೆತ್ತಗಾಗಿ, ಹಸಿಯಾಗಿ ಬಂದುದರಿಂದ ಹಕ್ಕಿಗೆ ಅನುಮಾನ ಕಡಿಮೆ. ಹುಳಿವಾಸನೆ ಬಂದರೆ, ಬೂಸಲು ಕಂಡರೆ ಅದನ್ನು ನಿರ್ದಾಕ್ಷಿಣ್ಯವಾಗಿ ಚೆಲ್ಲಬೇಕು. ಈ ಮೊಳಕೆ ರೂಢಿಯಾದ ಮೇಲೆ ಅದರಲ್ಲಿ ಸಣ್ಣಗೆ ಹೆಚ್ಚಿದ ಸೊಪ್ಪು, ಕ್ಯಾರೆಟ್ ತುರಿಗಳನ್ನು ಮೊದಲು ಚಿಟಿಕೆಯಷ್ಟು, ಆಮೇಲೆ ಚಮಚೆಯಷ್ಟು ಬೆರೆಸುತ್ತ ಹೋಗುವುದು.

ಹಕ್ಕಿಯ ಸ್ವಭಾವವನ್ನೇ ಬಳಸಿಕೊಳ್ಳುವ ಉಪಾಯಗಳೂ ಹಲವಿವೆ. ತೊಳೆದ ಕೊತ್ತಂಬರಿ ಸೊಪ್ಪಿನ ಕಟ್ಟನ್ನು ನೀರು ತೊಟ್ಟಿಕ್ಕುವಂತೆಯೇ ಪಂಜರದ ಮೇಲ್ಭಾಗಕ್ಕೆ ಕಟ್ಟಿದರೆ, ಬಡ್ಜಿ ಒದ್ದೆ ಎಲೆಗಳಲ್ಲಿ ಮೈ ಉಜ್ಜಿ ಸ್ನಾನ ಮಾಡಲು ಬಂದು, ಆಡುತ್ತ ಆಡುತ್ತ ಎಲೆಯ ರುಚಿಯನ್ನೂ ನೋಡುತ್ತದೆ. ನೆಲದ ಮೇಲೆ ಹೆಕ್ಕುವುದು ಇದರ ಹುಟ್ಟುಗುಣವಾದುದರಿಂದ ಹೊಸ ತಿನಿಸನ್ನು ಬಟ್ಟಲಿಗಿಂತ ಅಗಲವಾದ ತಟ್ಟೆಯಲ್ಲಿ ಹರಡುವುದು ಲೇಸು. ಗುಳಿಗೆಗಳನ್ನು ಪುಟ್ಟ ಕನ್ನಡಿಯ ಮೇಲೆ ಚೆಲ್ಲಿದರೆ, ಒಳಗಿರುವ ಹಕ್ಕಿಯೂ ಅದನ್ನೇ ಮುಟ್ಟುತ್ತಿರುವಂತೆ ಕಂಡು ತಾನೂ ಕೊಕ್ಕು ಹಾಕುವುದುಂಟು. ಹಿಂಡಿನ ಜೀವವಾದುದರಿಂದ ಮನೆಯವರು ಅದರ ಎದುರಿಗೆ ಕುಳಿತು ಕ್ಯಾರೆಟ್ ಕಡಿದು ಸವಿಯುವುದೂ ಒಳ್ಳೆಯ ಪಾಠವೇ. ಇಪ್ಪತ್ತು ಸಲ ತಿರಸ್ಕರಿಸಿದ ತಿನಿಸನ್ನು ಇಪ್ಪತ್ತೊಂದನೆಯ ಸಲ ಮೂಸಿ ನೋಡಿದರೂ ಆಶ್ಚರ್ಯವಿಲ್ಲ. ಎಳೆಯ ಹಕ್ಕಿ ಬೇಗ ಒಪ್ಪುತ್ತದೆ. ಹಳೆಯದಕ್ಕೆ ತಿಂಗಳುಗಳೇ ಹಿಡಿಯಬಹುದು.

ಅಡಿಗೆಮನೆಯಲ್ಲಿಯೇ ಔಷಧ

ಇದಕ್ಕಾಗಿ ದುಬಾರಿ ಪದಾರ್ಥಗಳನ್ನು ಹುಡುಕಬೇಕಾಗಿಲ್ಲ. ಕನ್ನಡನಾಡಿನ ಹೊಲಗಳೇ ಸಿರಿಧಾನ್ಯಗಳ ತವರು. ನವಣೆಯೊಡನೆ ಸಾಮೆ, ಬರಗು, ಸಜ್ಜೆ, ರಾಗಿಗಳನ್ನು ಬೆರೆಸಿದರೆ ಕಾಳಿನ ಬಟ್ಟಲೇ ಸುಧಾರಿಸಿತು. ನೂರು ಗ್ರಾಂ ನವಣೆಯಲ್ಲಿ ಸುಣ್ಣದಂಶ ಮೂವತ್ತು ಮಿಲಿಗ್ರಾಂ ಆಸುಪಾಸಿನಲ್ಲಿದ್ದರೆ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಸೊಪ್ಪುಗಳಲ್ಲಿ ಕೊತ್ತಂಬರಿ, ಮೆಂತ್ಯ, ನುಗ್ಗೆ ಯೋಗ್ಯವಾದವು. ಪಾಲಕ್ ಅಪರೂಪಕ್ಕೆ ಮಾತ್ರ, ಏಕೆಂದರೆ ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಮೈಗೆ ಹತ್ತಗೊಡದು. ‘ಎ’ ಜೀವಸತ್ತ್ವಕ್ಕೆ ಕ್ಯಾರೆಟ್, ಸಿಹಿಗುಂಬಳ, ಬೇಯಿಸಿದ ಗೆಣಸು ಇವೆ. ಹಣ್ಣು ಸಿಹಿಯಾದುದರಿಂದ ಚೂರು ಸಾಕು. ಸಮುದ್ರಫೇನವೆಂದು ಕರೆಯುವ ಕಟಲ್ ಮೀನಿನ ಎಲುಬನ್ನು ಸರಳಿಗೆ ಸಿಕ್ಕಿಸಿದರೆ ಸುಣ್ಣದಂಶವೂ ದೊರೆಯುತ್ತದೆ, ಕೊಕ್ಕೂ ಸವೆಯುತ್ತದೆ. ಅಯೋಡಿನ್ ಮೊದಲಾದುವನ್ನು ಸೇರಿಸಿ ತಯಾರಿಸುವ ಒಳ್ಳೆಯ ಗುಳಿಗೆ ಆಹಾರ ಉಳಿದ ಕೊರತೆಯನ್ನು ತುಂಬುತ್ತದೆ. ಕಾಳು, ಗುಳಿಗೆ, ತರಕಾರಿಗಳ ಪ್ರಮಾಣ ಎಷ್ಟೆಷ್ಟಿರಬೇಕೆಂಬುದನ್ನು ಹಕ್ಕಿಯನ್ನು ಕಂಡ ವೈದ್ಯರೇ ಹೇಳುವುದು ಮೇಲು. ಕಾಳನ್ನು ಪೂರ್ತಿ ಬಿಡಿಸಬೇಕೆಂಬ ಹಟವೂ ಬೇಡ. ಅದು ಹಕ್ಕಿಯ ಹುಟ್ಟಾಹಾರ.

ಸೊಪ್ಪು ತರಕಾರಿಗಳನ್ನು ಔಷಧಿ ಸಿಂಪಡಿಕೆಯ ಅಂಶ ಹೋಗುವಂತೆ ಚೆನ್ನಾಗಿ ತೊಳೆಯಬೇಕು. ಹಸಿ ತಿನಿಸನ್ನು ಎರಡು ಗಂಟೆಯ ಮೇಲೆ ಪಂಜರದಲ್ಲಿ ಬಿಡಬಾರದು. ಬೇಸಗೆಯಲ್ಲಂತೂ ಇನ್ನೂ ಬೇಗ ತೆಗೆಯಬೇಕು. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ, ಚಹಾ ಹಕ್ಕಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ, ಸೇಬಿನ ಬೀಜ, ಉಪ್ಪು ಸವರಿದ ಕುರುಕಲು ತಿಂಡಿ ಇವು ಯಾವುವೂ ಪಂಜರದ ಬಳಿ ಸುಳಿಯಕೂಡದು.

ಇನ್ನು ಕೊನೆಯ ಮಾತು ಮನೆಯವರ ವಿಷಯ. ಹಕ್ಕಿಯ ಆಹಾರಕ್ಕಿಂತ ಮನೆಯವರ ರೂಢಿಯನ್ನು ಬದಲಿಸುವುದೇ ಕಷ್ಟವೆಂದರೆ ತಪ್ಪಾಗಲಾರದು. ಒಬ್ಬರು ಅಳತೆಯಿಂದ ಕೊಟ್ಟು ಇನ್ನೊಬ್ಬರು ಕದ್ದು ಹಿಡಿ ಹಾಕಿದರೆ ಶ್ರಮವೆಲ್ಲ ವ್ಯರ್ಥ. ಮೇವಿನ ಹೊಣೆ ಒಬ್ಬರದಾಗಿರಲಿ; ತೂಕ ಬರೆಯುವ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದು. ಅಕ್ಕರೆಯೆಂದರೆ ಹಿಡಿಹಿಡಿ ಸುರಿಯುವುದಲ್ಲ, ದಿನವೂ ಗಮನಿಸುವುದು ಎಂಬ ಪಾಠವನ್ನು ಮೂವತ್ತೈದು ಗ್ರಾಂ ತೂಕದ ಆ ಜೀವ ಅವರಿಗೆ ಸದ್ದಿಲ್ಲದೆ ಕಲಿಸೀತು.