ಎದೆಯಲ್ಲಿ ಗಂಟು: ಸಿ.ಟಿ. ಏನು ಹೇಳುತ್ತದೆ?

ಹಿಪ್ಪರಗಿಯಲ್ಲೋ ಬನಹಟ್ಟಿಯಲ್ಲೋ ಇರುವ ಅತ್ತೆಗೆ ತಿಂಗಳಿಂದ ಕೆಮ್ಮು. ‘ಒಲೀ ಹೊಗೀದು’, ‘ಮಗ್ಗದ ಧೂಳಿಂದು’ ಅಂತ ದಿನ ದೂಡಿದ್ದಾಯ್ತು. ಕಡೆಗೆ ಎಕ್ಸ್‌ರೇ ತೆಗೆಸಿದರೆ ಶ್ವಾಸಕೋಶದಲ್ಲಿ ಗಂಟು! ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟ ಕೂಡಲೇ ಮನೆಮಂದಿಯೆಲ್ಲ ಕ್ಯಾನ್ಸರ್ ಎಂದೇ ಕಂಗಾಲು.

ಸ್ವಲ್ಪ ತಡೀರಿ. ಅಮೆರಿಕದಲ್ಲಿ ಸುಮಾರು 53 ಸಾವಿರ ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಕ್ಯಾನ್‌ನಲ್ಲಿ ಅನುಮಾನ ಮೂಡಿಸಿದ್ದರಲ್ಲಿ ನೂರಕ್ಕೆ 96ರಷ್ಟು ಕ್ಯಾನ್ಸರ್ ಆಗಿರಲೇ ಇಲ್ಲ. ನಮ್ಮಲ್ಲಂತೂ ಹಳೆಯ ಕ್ಷಯದ ಕಲೆಗಳೂ ಗಂಟಿನಂತೆಯೇ ಕಾಣುತ್ತವೆ.

ಹಾಗಾದ್ರೆ ವೈದ್ಯರು ನೋಡೋದು ಏನನ್ನ? ಮೊದಲು ಗಾತ್ರ. ತೊಗರಿ ಕಾಳಿನಷ್ಟು, ಅಂದರೆ 6 ಮಿ.ಮೀ.ಗಿಂತ ಚಿಕ್ಕದಾದರೆ ಅಪಾಯ ತೀರಾ ಕಡಿಮೆ. 3 ಸೆಂ.ಮೀ. ದಾಟಿದರೆ ಅನುಮಾನ ಹೆಚ್ಚು. ಅಂಚು ನುಣುಪಾಗಿದ್ದರೆ ಒಳ್ಳೆಯ ಸೂಚನೆ. ಸುತ್ತಲೂ ಮುಳ್ಳಿನಂತೆ ಗೆರೆ ಚಾಚಿದ್ದರೆ ಅಲ್ಲ. ಗಂಟಿನೊಳಗೆ ಕೊಬ್ಬು ಕಂಡರೆ, ಇಲ್ಲವೇ ಪಂಚಮಿಗೆ ಹುರಿಯುವ ಅರಳಿನ ಹಾಗೆ ಸುಣ್ಣ ಕೂತಿದ್ದರೆ ಸಾಮಾನ್ಯವಾಗಿ ನಿರಪಾಯಕಾರಿ. ಆದರೆ ಇವು ಯಾವುವೂ ಪಕ್ಕಾ ಅಲ್ಲ. ಕ್ಷಯದ ಕಲೆಗೂ ಮುಳ್ಳಿರಬಹುದು, ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್ ನುಣುಪಾಗಿಯೂ ಇರಬಹುದು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಬೆಳವಣಿಗೆ. 10 ಮಿ.ಮೀ. ಗಂಟು ಹನ್ನೆರಡೂವರೆ ಆಯಿತೆಂದರೆ ನಮಗೆ ಅದೇನು ಮಹಾ ಅನಿಸುತ್ತದೆ. ಅಷ್ಟರಲ್ಲೇ ಅದರ ಒಟ್ಟು ಗಾತ್ರ ಇಮ್ಮಡಿಯಾಗಿರುತ್ತದೆ! ಗಟ್ಟಿ ಗಂಟು ಎರಡು ವರ್ಷ ಬೆಳೆಯದಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಮಂಜು ಕವಿದಂತೆ ಕಾಣುವ ಗಂಟು ಮಾತ್ರ ನಿಧಾನಿ, ಅದನ್ನು ಐದು ವರ್ಷ ಗಮನಿಸಬೇಕಾದೀತು. ಆದ್ದರಿಂದ ‘ಮೂರು ತಿಂಗಳು ಬಿಟ್ಟು ಬನ್ನಿ’ ಎಂದರೆ ಡಾಕ್ಟರು ಹಣ ಕೀಳುತ್ತಿದ್ದಾರೆ ಅಂದುಕೊಳ್ಳಬೇಡಿ. ಆ ತಾರೀಖು ತಪ್ಪಿಸಲೂ ಬೇಡಿ.

ಇನ್ನೊಂದು ಮಾತು. ಕಫ ಪರೀಕ್ಷೆ ಮಾಡಿಸದೆ, ಬರೀ ಚಿತ್ರ ನೋಡಿ ಕ್ಷಯದ ಮಾತ್ರೆ ಶುರು ಮಾಡಿದರೆ, ನಿಜವಾಗಿ ಕ್ಯಾನ್ಸರ್ ಇದ್ದವರಿಗೆ ಅಮೂಲ್ಯ ತಿಂಗಳುಗಳೇ ಕೈಬಿಟ್ಟು ಹೋಗುತ್ತವೆ. ಕಫದಲ್ಲಿ ರಕ್ತ, ತೂಕ ಇಳಿಕೆ, ಕಟ್ಟಿದ ದನಿ ಇದ್ದರಂತೂ ಕಾಯಲೇಬೇಡಿ. ‘ನಮ್ಮನೇಲಿ ಯಾರೂ ಬೀಡಿ ಸೇದಲ್ಲ’ ಅನ್ನೋದೂ ರಕ್ಷಣೆಯಲ್ಲ; ಸೇದದ ಹೆಂಗಸರಿಗೂ ಈ ರೋಗ ಬರುತ್ತದೆ.

ಅನುಮಾನ ಉಳಿದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುತ್ತಾರೆ. ಕೊನೆಯ ಮಾತು ಅದರದ್ದೇ. ಚುಚ್ಚಿದರೆ ರೋಗ ಹರಡುತ್ತದೆಂಬ ಹೆದರಿಕೆ ಊರಲ್ಲಿ ಬಹಳ, ಆದರೆ ಹಾಗಾಗುವುದು ತೀರಾ ಅಪರೂಪ. ಆ ಕಡೆಯವರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ; ಬೆಂಗಳೂರಿಗೆ ಕರೆಸಿಕೊಂಡರೆ ಕಿದ್ವಾಯಿ ಇದೆ.

ಹೊರಡುವಾಗ ಹಳೆಯ ಎಕ್ಸ್‌ರೇ, ಸಿ.ಟಿ. ಫಿಲ್ಮು, ಸಿ.ಡಿ. ಎಲ್ಲ ತರಲು ಹೇಳಿ. ಅಟ್ಟದ ಮೇಲಿರಲಿ, ಟ್ರಂಕಿನ ತಳದಲ್ಲಿರಲಿ, ಹುಡುಕಿಸಿ. ಐದು ವರ್ಷದ ಹಿಂದಿನ ಫಿಲ್ಮಿನಲ್ಲೂ ಅದೇ ಗಂಟು ಅಷ್ಟೇ ಇದ್ದರೆ ಸೂಜಿಯೇ ಬೇಕಾಗಲಿಕ್ಕಿಲ್ಲ.